ಕೋವಿಗೆ ಮೂರು ಹೊತ್ತು ಎಣ್ಣೆ

ಔಷಧದ ಅಂಗಡಿ ಇಟ್ಟುಕೊಂಡವನಿಗೆ ‘ಹೆಣ’ ಎಂಬ ಅಡ್ಡಹೆಸರು ಬಿದ್ದರೆ ವ್ಯಾಪಾರ ಹೇಗೆ ನಡೆದೀತು, ನೀವೇ ಹೇಳಿ. ಬಸ್ ನಿಲ್ದಾಣದಲ್ಲಿ ಯಾರಾದರೂ ಪಾಪ ಕೆಮ್ಮುತ್ತಾ ಇಳಿದು, “ಸಿರಪ್ ಎಲ್ಲಿ ಸಿಗುತ್ತೆ?” ಎಂದು ಕೇಳಿದರೆ, “ಸೀದಾ ಹೋಗಿ ಬಲಕ್ಕೆ ತಿರುಗಿ, ಹೆಣದ ಅಂಗಡಿ” ಎಂದು ದಾರಿ ತೋರಿಸುತ್ತಾರೆ. ಕೆಮ್ಮುತ್ತಿದ್ದವರು ಅಲ್ಲೇ ವಾಸಿಯಾಗಿ ಮುಂದಿನ ಬಸ್ಸಿಗೆ ವಾಪಸು ಹೋಗುತ್ತಾರೆ.

ಈ ಬಿರುದು ನನಗೆ ದಯಪಾಲಿಸಿದ್ದು ಹಳೇ ಕಾಳಗ ಸಂಘ. ನಮ್ಮೂರ ಹೊರಗೆ ಒಂದು ಮುರುಕು ಕೋಟೆ ಇದೆ. ಅದರ ಮುಂದಿನ ಬಯಲಲ್ಲಿ ಯಾವ ಕಾಲದಲ್ಲೋ ನಮ್ಮೂರಿನವರೂ ನದಿಯಾಚೆಯವರೂ ಹೊಡೆದಾಡಿದ್ದರು, ನಮ್ಮವರು ಸೋತಿದ್ದರು. ವರ್ಷಕ್ಕೊಂದು ದಿನ ಎರಡೂ ಊರಿನ ಹವ್ಯಾಸಿಗಳು ಹಳೆಯ ಕಾಲದ ಉಡುಪು ತೊಟ್ಟು, ಅದೇ ಕಾಳಗವನ್ನು ಅದೇ ಬಯಲಲ್ಲಿ ಮತ್ತೆ ಆಡಿ ತೋರಿಸುತ್ತೇವೆ. ಜನ ಬುತ್ತಿ ಕಟ್ಟಿಕೊಂಡು ನೋಡಲು ಬರುತ್ತಾರೆ. ನಾವು ಪ್ರತಿ ವರ್ಷವೂ ಬಹಳ ಶ್ರದ್ಧೆಯಿಂದ ಸೋಲುತ್ತೇವೆ.

ನಮ್ಮ ಸೇನೆಯ ಮುಂದಿನ ಸಾಲಿನಲ್ಲಿ ಕೋವಿ ಹಿಡಿದ ಎಂಟು ಜನ, ಹಿಂದೆ ಒಬ್ಬ ಡೋಲಿನವನು, ಒಬ್ಬ ಬಾವುಟದವನು. ಇವರೆಲ್ಲರ ಜೊತೆಗೆ ಮೊದಲ ಗುಂಡಿಗೇ ಸಾಯುವವನು ಒಬ್ಬ ಬೇಕು. ಹನ್ನೊಂದು ವರ್ಷದಿಂದ ಆ ಒಬ್ಬ ನಾನು. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ನನ್ನ ಹಾಗೆ ಸಾಯುವವರು ಸುತ್ತಮುತ್ತ ಇಲ್ಲ. ಒಂದು ಕೈ ಎದೆಗೆ, ಒಂದು ಕೈ ಆಕಾಶಕ್ಕೆ, ಮೂರು ಹೆಜ್ಜೆ ತೂರಾಟ, ಆಮೇಲೆ ಮೊಣಕಾಲು, ಆಮೇಲೆ ಮುಖ. ಚಪ್ಪಾಳೆ ಬೀಳುವುದೇ ನನಗೆ. ಅದಾದ ಮೇಲೆ ನಲವತ್ತು ನಿಮಿಷ ಬಿಸಿಲಿನಲ್ಲಿ ಬಿದ್ದಿರಬೇಕು, ಇರುವೆ ಕಚ್ಚಿದರೂ ಮಿಸುಕಾಡುವ ಹಾಗಿಲ್ಲ.

ಇದನ್ನೆಲ್ಲ ನೋಡದವಳು ಎಂದರೆ ನನ್ನ ಹೆಂಡತಿ ಒಬ್ಬಳೇ. ಮೊದಲ ವರ್ಷ ಬಂದಿದ್ದಳು. ಅವಳ ಕೆಲಸ ಲ್ಯಾಬಿನಲ್ಲಿ, ಬಂದವರ ರಕ್ತ ತೆಗೆದು ಪರೀಕ್ಷೆಗೆ ಹಾಕುವುದು. ದಿನಕ್ಕೆ ನೂರು ಜನರ ರಕ್ತ ನೋಡುವವಳು ನನ್ನ ಅಂಗಿಯ ಮೇಲಿನ ಬೀಟ್‌ರೂಟ್ ರಸ ನೋಡಿ ಗಾಬರಿಯಾದಳು. ಜನರನ್ನು ತಡೆಯಲು ಕಟ್ಟಿದ್ದ ಹಗ್ಗ ದಾಟಿ ಓಡಿಬಂದು, ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ಏಳ್ರೀ, ಏಳ್ರೀ” ಎಂದು ಅತ್ತಳು. ನಾನು ಹಲ್ಲು ಕಚ್ಚಿಕೊಂಡು, “ಹೋಗೇ ಆಚೆ, ನಾನು ಸತ್ತಿದೀನಿ” ಎಂದೆ. ಆರುನೂರು ಜನ ನಕ್ಕರು. ಅವಳು ಮತ್ತೆಂದೂ ಆ ಬಯಲಿಗೆ ಕಾಲಿಡಲಿಲ್ಲ. ನಾನು ಕರೆಯುತ್ತಲೇ ಇದ್ದೆ, ಅವಳು “ಕೆಲಸ ಇದೆ” ಎನ್ನುತ್ತಲೇ ಇದ್ದಳು.

ಈ ವರ್ಷ ಮುಂದಿನ ಸಾಲಿನವನೊಬ್ಬನಿಗೆ ಮಂಡಿ ಆಪರೇಶನ್ ಆಯಿತು. ಒಂದು ಜಾಗ ಖಾಲಿ. ನಾನು ನೇರವಾಗಿ ನಮ್ಮ ದಳಪತಿಯ ಬಳಿ ಹೋದೆ. ದಳಪತಿಗೆ ಹೊಟ್ಟೆಪಾಡಿಗೆ ಇರುವುದು ಡ್ರೈವಿಂಗ್ ಶಾಲೆ. ಆ ಅಭ್ಯಾಸ ಯುದ್ಧಭೂಮಿಯಲ್ಲೂ ಬಿಟ್ಟಿಲ್ಲ. ನಾವು ಎಡಕ್ಕೆ ತಿರುಗಬೇಕಾದರೆ ಕೈ ತೋರಿಸಿಯೇ ತಿರುಗಬೇಕು.

“ನಿಂಗೆ ಯಾಕಯ್ಯಾ ಕೋವಿ? ಚೆನ್ನಾಗಿ ಸಾಯ್ತಿದೀಯಲ್ಲ” ಎಂದ.

“ಹನ್ನೊಂದು ವರ್ಷ ಸತ್ತಿದೀನಿ, ಸಾಕು. ಒಂದ್ಸಲ ನಿಂತ್ಕೋತೀನಿ.”

“ಕೋವಿ ನೀನೇ ತರಬೇಕು. ಅದರ ಮರ ಹಳೇ ಕಾಲದ ಹಾಗೇ ಇರಬೇಕು, ಕೈಯಲ್ಲಿ ಎಣ್ಣೆ ತಿಕ್ಕಿರಬೇಕು. ಪಳಪಳ ಹೊಳೆಯೋ ವಾರ್ನಿಷ್ ಕಂಡ್ರೆ ಲೈಸೆನ್ಸ್ ಕೊಡಲ್ಲ. ಕಾಳಗಕ್ಕೆ ಮೂರು ದಿನ ಮುಂಚೆ ಹೆಬ್ಬೆಟ್ಟಲ್ಲಿ ಉಜ್ಜಿ ನೋಡ್ತೀನಿ.”

ನಾಟಕದ ಸಾಮಾನು ಮಾರುವವನ ಬಳಿ ಒಂದು ಕೋವಿ ಸಿಕ್ಕಿತು. ಹಳೆಯ ಕಾಲದ್ದರ ನಕಲು. ನಳಿಕೆಯೊಳಗೆ ಸೀಸ ತುಂಬಿದ್ದರು, ಅದರಿಂದ ಒಂದು ನೊಣವನ್ನೂ ಹೊಡೆಯುವ ಹಾಗಿರಲಿಲ್ಲ. ಭುಜಕ್ಕೆ ಒತ್ತುವ ಅಗಲವಾದ ಬುಡದಿಂದ ನಳಿಕೆಯ ತುದಿಯ ಹತ್ತಿರದವರೆಗೂ ಒಂದೇ ಉದ್ದನೆಯ ಮರ, ನನ್ನ ಎದೆಯ ಎತ್ತರಕ್ಕೆ. ಆ ಮರಕ್ಕೆ ಯಾವ ಪುಣ್ಯಾತ್ಮನೋ ಕೆಮ್ಮಿನ ಸಿರಪ್ ಬಣ್ಣದ ವಾರ್ನಿಷ್ ಬಳಿದಿದ್ದ. ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದಿತ್ತು.

ಮನೆಗೆ ತಂದಾಗ ಅತ್ತೆ ಟಿ.ವಿ. ಮುಂದೆ ಕೂತಿದ್ದರು. ನಾಲ್ಕು ವರ್ಷದಿಂದ ಅವರು ನಮ್ಮ ಜೊತೆಗೇ ಇದ್ದಾರೆ. ಕನ್ನಡಕ ಏರಿಸಿ ನೋಡಿ, “ಅಳಿಯಂದ್ರೇ, ಇದು ಯಾವ ಬಾಗಿಲಿನ ಅಗುಳಿ?” ಎಂದರು.

ನಾನು ಕೋವಿಯನ್ನು ಸೀದಾ ಹಿತ್ತಲಿಗೆ ಒಯ್ದೆ. ಅತ್ತೆಗೆ ಉತ್ತರ ಕೊಟ್ಟು ಗೆದ್ದ ಅಳಿಯ ಇನ್ನೂ ಹುಟ್ಟಬೇಕಷ್ಟೆ.

ಕೆಲಸ ಹೇಳಿಕೊಟ್ಟದ್ದು ನನ್ನ ಅಂಗಡಿಯ ಪಕ್ಕದ ಬಡಗಿ. ಕಡಿಮೆ ಮಾತಿನ ಮನುಷ್ಯ, ಕಿವಿಯಲ್ಲಿ ಪೆನ್ಸಿಲ್, ಹುಬ್ಬಿನ ತುಂಬ ಮರದ ಪುಡಿ. ಮೊದಲು ನಳಿಕೆಯನ್ನೂ ಕಬ್ಬಿಣದ ಭಾಗಗಳನ್ನೂ ಬಿಚ್ಚಿ ಬೇರೆ ಇಡಲು ಹೇಳಿದ. ಬಿಚ್ಚಿ ಮಂಚದ ಕೆಳಗೆ ಇಟ್ಟೆ. ಆಮೇಲೆ ವಾರ್ನಿಷ್ ಕೀಳುವ ಔಷಧ. ‘ಔಷಧ’ ಎಂದು ಅವನೇ ಕರೆದದ್ದು, ನಾನಲ್ಲ. ನನಗೆ ಆ ಪದ ಕೇಳಿಯೇ ಧೈರ್ಯ ಬಂತು, ಇದು ನಮ್ಮ ಕಸುಬೇ ಅನ್ನಿಸಿತು. ಎಲ್ಲ ಎಡವಟ್ಟೂ ಅಲ್ಲಿಂದಲೇ ಶುರುವಾಯಿತೆಂದು ಈಗ ಗೊತ್ತಾಗುತ್ತಿದೆ.

ಹಿತ್ತಲಲ್ಲಿ ಎರಡು ಸ್ಟೂಲಿನ ಮೇಲೆ ಮರವನ್ನು ಮಲಗಿಸಿ ಆ ಲೋಳೆಯನ್ನು ಬಳಿದೆ. ಕಾಲು ಗಂಟೆಯಲ್ಲಿ ವಾರ್ನಿಷ್ ಬೊಬ್ಬೆ ಎದ್ದಿತು. ಮೊಂಡು ಚಾಕುವಿನಿಂದ ಕೆರೆದೆ, ಸುಟ್ಟ ಹಾಲಿನ ಕೆನೆಯ ಹಾಗೆ ಸುರುಳಿ ಸುರುಳಿಯಾಗಿ ಬಂತು. ವಾಸನೆಗೆ ಪಕ್ಕದ ಮನೆಯವರು ಕಿಟಕಿ ಮುಚ್ಚಿದರು. ಒಳಗಿನಿಂದ ತಿಳಿ ಕಂದು ಬಣ್ಣದ, ನಿಜವಾದ ಮರ ಕಾಣಿಸಿಕೊಂಡಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹೆಂಡತಿಯನ್ನು ಕರೆದು ತೋರಿಸಿದೆ. “ಚೆನ್ನಾಗಿದೆ. ಆ ಚಾಕು ನನ್ನ ಅಡುಗೆಮನೇದು” ಎಂದಳು.

ಮರದಲ್ಲಿ ಅಲ್ಲಲ್ಲಿ ತಗ್ಗು ಬಿದ್ದಿತ್ತು. ಒದ್ದೆ ಬಟ್ಟೆ ಹಾಕಿ ಮೇಲೆ ಬಿಸಿ ಇಸ್ತ್ರಿ ಪೆಟ್ಟಿಗೆ ಇಟ್ಟರೆ ಹಬೆಗೆ ಮರ ಉಬ್ಬಿ ತಗ್ಗು ಏಳುತ್ತದೆ ಎಂದು ಬಡಗಿ ಹೇಳಿದ್ದ. ಎದ್ದಿತು ಕೂಡ! ಮಾಯೆಯೇ ಸರಿ. ಆದರೆ ಇಸ್ತ್ರಿ ಪೆಟ್ಟಿಗೆಯ ಹೊಟ್ಟೆಗೆ ಉಳಿದ ವಾರ್ನಿಷ್ ಅಂಟಿದ್ದು ನನಗೆ ತಿಳಿಯಲಿಲ್ಲ. ಮರುದಿನ ನನ್ನ ಹೆಂಡತಿ ಬೆನ್ನ ಮೇಲೆ ಅಗಲವಾದ ಕಂದು ಕಲೆ ಇದ್ದ ಬಿಳಿ ಕೋಟು ತೊಟ್ಟು ಇಡೀ ದಿನ ಲ್ಯಾಬಿನಲ್ಲಿ ಓಡಾಡಿದಳು. ರಕ್ತ ಕೊಡಲು ಬಂದ ಇಬ್ಬರು ಆ ಕಲೆ ನೋಡಿ ಸದ್ದಿಲ್ಲದೆ ಎದ್ದು ಹೋದರಂತೆ. ಆ ಸಂಜೆ ನನಗೆ ಆದ ಮಂಗಳಾರತಿಯನ್ನು ಇಲ್ಲಿ ಬರೆಯುವುದಿಲ್ಲ.

ಮುಂದಿನದು ಇನ್ನೂ ವಿಚಿತ್ರ. ಮರವನ್ನು ಪಾಲಿಶ್ ಪೇಪರಿನಿಂದ ಉಜ್ಜಿ ನುಣುಪು ಮಾಡಿ, ಮತ್ತೆ ಬೇಕೆಂದೇ ನೀರು ಸವರಬೇಕು. ಆಗ ಮರದ ಸಣ್ಣ ನಾರುಗಳು ಎರಡು ದಿನದ ಗಡ್ಡದ ಹಾಗೆ ಎದ್ದು ನಿಲ್ಲುತ್ತವೆ. ಒಣಗಿದ ಮೇಲೆ ಮತ್ತೆ ಉಜ್ಜಬೇಕು. ಮತ್ತೆ ನೀರು, ಮತ್ತೆ ಗಡ್ಡ, ಮತ್ತೆ ಉಜ್ಜುವುದು. ಮೂರು ಸಲ. ಮೂರನೆಯ ಸಲಕ್ಕೆ ಗಡ್ಡ ಬರುವುದು ನಿಂತಿತು. ಅಷ್ಟು ಹೊತ್ತಿಗೆ ನನ್ನ ಗಡ್ಡ ಬಂದಿತ್ತು.

“ಈಗ ಅಗಸೆ ಎಣ್ಣೆ” ಎಂದ ಬಡಗಿ. “ಒಂದು ವಾರ ದಿನಕ್ಕೊಂದ್ಸಲ. ಆಮೇಲೆ ಒಂದು ತಿಂಗಳು ವಾರಕ್ಕೊಂದ್ಸಲ. ಆಮೇಲೆ ಒಂದು ವರ್ಷ ತಿಂಗಳಿಗೊಂದ್ಸಲ. ಆಮೇಲೆ ಜೀವ ಇರೋತನಕ ವರ್ಷಕ್ಕೊಂದ್ಸಲ. ತೆಳ್ಳಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು, ಪೂರ್ತಿ ಒರೆಸಿಬಿಡಿ. ಒರೆಸಿದ ಬಟ್ಟೆ ಮುದ್ದೆ ಮಾಡಿ ಎಸೀಬೇಡಿ, ತಾನಾಗೇ ಬೆಂಕಿ ಹತ್ಕೊಳ್ಳುತ್ತೆ. ಹರವಿ ಒಣಗಿಸಿ.”

ಕಾಳಗಕ್ಕೆ ಉಳಿದಿದ್ದದ್ದು ಹನ್ನೆರಡು ದಿನ. ತಪಾಸಣೆಗೆ ಒಂಬತ್ತು. ನಾನು ಔಷಧದ ಚೀಟಿಯ ಹಿಂದೆ ಬರೆದು ನೋಡಿದೆ. ವಾರಕ್ಕೆ ಏಳು, ತಿಂಗಳಿಗೆ ನಾಲ್ಕು, ವರ್ಷಕ್ಕೆ ಹನ್ನೆರಡು, ಒಟ್ಟು ಇಪ್ಪತ್ತಮೂರು ಸಲ. ಅಂದರೆ ಇಪ್ಪತ್ತಮೂರು ಡೋಸು! ದಿನಕ್ಕೆ ಮೂರರ ಹಾಗೆ, ಬೆಳಿಗ್ಗೆ ಮಧ್ಯಾಹ್ನ ರಾತ್ರಿ ಊಟದ ನಂತರ ಕೊಟ್ಟರೆ ಎಂಟು ದಿನಕ್ಕೆ ಕೋರ್ಸು ಮುಗಿಯುತ್ತದೆ. ವರ್ಷಾನುಗಟ್ಟಲೆ ಎಳೆಯುವುದು ಈ ಬಡಗಿಗಳ ಸೋಮಾರಿತನ ಅಂದುಕೊಂಡೆ. ಇನ್ನು ಒರೆಸುವ ಮಾತು. ಮೂವತ್ತು ವರ್ಷ ಔಷಧ ಮಾರಿದ್ದೇನೆ. ಕುಡಿಸಿದ ಔಷಧವನ್ನು ರೋಗಿಯ ಬಾಯಿಂದ ಒರೆಸಿ ತೆಗೆಯುವವರನ್ನು ನಾನೆಲ್ಲೂ ಕಂಡಿಲ್ಲ. ಬಟ್ಟೆ ಅದ್ದಿ ದಪ್ಪಗೆ ಹಚ್ಚುತ್ತಿದ್ದೆ, ಹಾಗೇ ಬಿಡುತ್ತಿದ್ದೆ.

ಅಡುಗೆಮನೆಯ ಗೋಡೆಗೆ ಒಂದು ಚಾರ್ಟ್ ಅಂಟಿಸಿದೆ. ಪ್ರತಿ ಡೋಸಿಗೆ ಒಂದು ಟಿಕ್. ಅಂಗಡಿಯಿಂದ ಮಧ್ಯಾಹ್ನ ಊಟಕ್ಕೆ ಬಂದವನು ಉಂಡು, ಕೋವಿಗೆ ಎಣ್ಣೆ ಹಚ್ಚಿ ಆಮೇಲೆ ಅಂಗಡಿಗೆ ಓಡುತ್ತಿದ್ದೆ. ಎರಡನೆಯ ದಿನದಿಂದ ಅತ್ತೆ ಅದನ್ನು ‘ಮಗು’ ಎಂದು ಕರೆಯಲು ಶುರು ಮಾಡಿದರು.

“ಮಗೂಗೆ ಎಣ್ಣೆ ಆಯ್ತಾ ಅಳಿಯಂದ್ರೇ? ಬೆನ್ನು ಬಿಟ್ಟಿದೀರ ನೋಡಿ. ಬಿಸಿಲಿಗೆ ಮಲಗಿಸಿ, ಶೀತ ಆಗುತ್ತೆ.” ಆಮೇಲೆ ಮಗಳ ಕಡೆ ತಿರುಗಿ, “ನಿಂಗೆ ಯಾವತ್ತಾದ್ರೂ ಹೀಗೆ ಉಪಚಾರ ಮಾಡಿದಾರೇನೇ?” ಎಂದರು.

“ನಾನು ಮರ ಅಲ್ವಲ್ಲಮ್ಮ” ಎಂದಳು ಹೆಂಡತಿ.

ಆರನೆಯ ದಿನದ ಸಂಜೆ. ಹದಿನೆಂಟನೆಯ ಡೋಸು ಮುಗಿಸಿ ನಾನು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದೆ. ಅವಳು ಎಣ್ಣೆ ಬಟ್ಟೆಗಳನ್ನು ಒಂದೊಂದಾಗಿ ತಂತಿಯ ಮೇಲೆ ಹರವುತ್ತಿದ್ದಳು. ಬೆಂಕಿಯ ಭಯಕ್ಕೆ ಆ ಕೆಲಸ ತಾನೇ ವಹಿಸಿಕೊಂಡಿದ್ದಳು.

“ಈ ಸಲ ಬರ್ತೀಯಾ?” ಎಂದು ಕೇಳಿದೆ.

“ಕೆಲಸ ಇದೆ.”

“ಭಾನುವಾರ ಕಣೇ. ಏನು ಕೆಲಸ?”

ಅವಳು ಸ್ವಲ್ಪ ಹೊತ್ತು ಬಟ್ಟೆಯ ಸುಕ್ಕು ಬಿಡಿಸಿದಳು. “ನಿಜ ಹೇಳ್ಲಾ? ಅವತ್ತು ಜನ ನಕ್ಕಿದ್ದಕ್ಕೆ ನಂಗೆ ಬೇಜಾರಿಲ್ಲ. ಓಡಿ ಬರ್ತಿದ್ನಲ್ಲ, ಆ ಒಂದು ನಿಮಿಷ, ನೀವು ನಿಜವಾಗ್ಲೂ ಹೋಗಿಬಿಟ್ರಿ ಅಂತಲೇ ಅಂದ್ಕೊಂಡೆ. ಮುಂದೆ ಹೇಗೆ ಅಂತೆಲ್ಲಾ ಯೋಚನೆ ಬಂದುಹೋಯ್ತು. ಆ ನಿಮಿಷ ಇನ್ನೂ ನನ್ನ ಹೊಟ್ಟೇಲಿ ಕೂತಿದೆ. ಪ್ರತಿ ವರ್ಷ ನೀವು ಅಲ್ಲಿ ಬೀಳೋ ಹೊತ್ತಿಗೆ ನಾನಿಲ್ಲಿ ಬೀರು ತೆಗೆದು ಮಡಚಿರೋ ಬಟ್ಟೇನೇ ಮತ್ತೆ ಮಡಚ್ತೀನಿ.”

ಹತ್ತು ವರ್ಷ ನಾನು ಅಲ್ಲಿ ಚಪ್ಪಾಳೆ ಎಣಿಸುತ್ತಾ ಬಿದ್ದಿದ್ದೆ, ಇವಳು ಇಲ್ಲಿ ಬಟ್ಟೆ ಮಡಚುತ್ತಿದ್ದಳು. ನನಗೆ ನನ್ನ ಮೇಲೇ ನಾಚಿಕೆಯಾಯಿತು.

“ಈ ಸಲ ನಾನು ಬೀಳಲ್ಲ. ನಿಂತಿರ್ತೀನಿ. ಕೊನೇತನಕ.”

“ಆಣೆ?”

“ಆಣೆ.”

“ಹಾಗಾದ್ರೆ ಬರ್ತೀನಿ. ಆದ್ರೆ ನೀವು ಬಿದ್ರೆ ಮಾತ್ರ, ನಾನು ಅಲ್ಲಿಂದ ಸೀದಾ ಮನೆಗೆ. ಮತ್ತೆ ಆ ಸಂಘದ ವಿಷಯ ಈ ಮನೇಲಿ ಎತ್ತಬಾರದು.”

ಇಷ್ಟಾದ ಮೇಲೆ ನಾನು ಕೋವಿಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಕಣ್ಣಿಗಿಂತ ಕೋವಿಗೆ ಹೆಚ್ಚು ಬಿಟ್ಟೆ.

ಏಳನೆಯ ದಿನ ಅತ್ತೆ ಪತ್ರಿಕೆ ಓದಿ ಮುಗಿಸಿ, ಮಗುವಿಗೆ ಧೂಳು ಬೀಳದಿರಲಿ ಎಂದು ಅದರ ಮೇಲೆ ಹೊದಿಸಿದರು. ತೆಗೆಯಲು ಹೋದರೆ ಬರಲಿಲ್ಲ. ಎಳೆದಾಗ ಕಾಗದ ಬಂತು, ಅಕ್ಷರ ಅಲ್ಲೇ ನಿಂತಿತು. ಕೋವಿಯ ಬುಡದ ಮೇಲೆ ಯಾರೋ ಅಪರಿಚಿತ ಹಿರಿಯರ ನಗುಮುಖ, ಕೆಳಗೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ‘ಮೂರನೇ ವರ್ಷದ ಪುಣ್ಯಸ್ಮರಣೆ’. ಅದನ್ನು ಉಗುರಿನಿಂದ ಕೆರೆದು ತೆಗೆಯಲು ಒಂದು ಗಂಟೆ ಹಿಡಿಯಿತು. ಕ್ಷಮಿಸಿ ಯಜಮಾನರೇ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಇಪ್ಪತ್ತಮೂರನೆಯ ಟಿಕ್ ಬಿದ್ದ ದಿನ ಬಡಗಿಯನ್ನು ಕರೆತಂದೆ. ಅವನು ಮರದ ಮೇಲೆ ಒಂದು ಬೆರಳಿಟ್ಟ. ಬೆರಳು ಎತ್ತಿದ. ಕೋವಿಯೂ ಎದ್ದಿತು.

“ಒರೆಸಿದ್ರಾ?”

“ಒರೆಸಿಲ್ಲ.”

“ದಿನಕ್ಕೆ ಎಷ್ಟು ಸಲ?”

ಚಾರ್ಟ್ ತೋರಿಸಿದೆ. ಅವನು ಅದನ್ನು ಮೇಲಿಂದ ಕೆಳಗೆ ಓದಿದ. ಕಿವಿಯಿಂದ ಪೆನ್ಸಿಲ್ ತೆಗೆದ, ಏನು ಬರೆಯಬೇಕೆಂದು ತೋಚದೆ ಮತ್ತೆ ಸಿಕ್ಕಿಸಿಕೊಂಡ. “ಸ್ವಾಮೀ, ಎಣ್ಣೆ ಗಾಳಿ ಕುಡಿದು ಗಟ್ಟಿಯಾಗಬೇಕು. ನೀವು ಒಂದು ಒಣಗೋಕೆ ಮುಂಚೆ ಇನ್ನೊಂದು ಹಚ್ಚಿದೀರ. ಇದು ಈಗ ಎಣ್ಣೆ ಅಲ್ಲ, ಗೋಂದು. ಎಲ್ಲಾ ಕೆರೆದು ಮೊದಲಿಂದ ಶುರು ಮಾಡಿ. ಇಲ್ಲಾಂದ್ರೆ ಎರಡು ತಿಂಗಳು ಬಿಸಿಲಲ್ಲಿ ಇಡಿ.”

“ನಾಳೆ ತಪಾಸಣೆ.”

“ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಗಾದೆ ಇದೆ” ಎಂದು ಹೇಳಿ, ಆ ಗಾದೆ ಯಾರಿಗೆಂದು ಹೇಳದೆ ಹೊರಟುಹೋದ. ಸಭ್ಯ ಮನುಷ್ಯ.

ನಾನು ಸುಮ್ಮನಿರಲಿಲ್ಲ. ಔಷಧದಂಗಡಿಯವನಿಗೆ ಅಂಟಿಗೆ ಮದ್ದು ಗೊತ್ತಿಲ್ಲವೇ? ಮರುದಿನ ಬೆಳಿಗ್ಗೆ ಮಂಚದ ಕೆಳಗಿನ ನಳಿಕೆಯನ್ನೂ ಕಬ್ಬಿಣವನ್ನೂ ಮತ್ತೆ ಜೋಡಿಸಿ, ಅಂಗಡಿಯ ಕಪಾಟಿನಿಂದ ಮಕ್ಕಳ ಪೌಡರಿನ ದೊಡ್ಡ ಡಬ್ಬಿ ತೆಗೆದು ಕೋವಿಯ ಮೈತುಂಬ ಚಿಮುಕಿಸಿ ಮೆಲ್ಲಗೆ ತಟ್ಟಿದೆ. ಅಂಟು ಮಾಯ! ಮರ ರೇಷ್ಮೆಯ ಹಾಗೆ ಜಾರತೊಡಗಿತು. ತಪಾಸಣೆಯಲ್ಲಿ ದಳಪತಿ ಹೆಬ್ಬೆಟ್ಟು ಇಟ್ಟು ಬುಡದಿಂದ ತುದಿಯವರೆಗೆ ಎಳೆದ.

“ಭೇಷ್! ಕೈಯಲ್ಲಿ ತಿಕ್ಕಿದ್ದು ಅಂದ್ರೆ ಹೀಗಿರಬೇಕು. ಹೊಳಪಿಲ್ಲ, ನುಣುಪಿದೆ.” ಮೂಗಿನ ಹತ್ತಿರ ಹಿಡಿದು ಮೂಸಿದ. “ಇದೇನಯ್ಯಾ, ತೊಟ್ಟಿಲು ಕೂಸಿನ ವಾಸನೆ?”

“ಅತ್ತೆ ಅದನ್ನ ಮಗು ಅಂತಾರೆ” ಎಂದೆ. ಅದು ಸುಳ್ಳಲ್ಲ.

ಲೈಸೆನ್ಸ್ ಸಿಕ್ಕಿತು. ನನ್ನ ಹಳೆಯ ಕೆಲಸಕ್ಕೆ ಹೊಸಬನೊಬ್ಬ ಸಿಕ್ಕ, ಸೈಕಲ್ ರಿಪೇರಿಯವನು. ಮುಂದಿನ ಸಾಲಿನವರೆಲ್ಲ ದೊಡ್ಡ ಮೀಸೆ ಅಂಟಿಸಿಕೊಳ್ಳಬೇಕೆಂಬ ನಿಯಮವಿದೆ. ಕಿವಿಯ ಹತ್ತಿರದವರೆಗೆ ಬರುವ ಮೀಸೆ. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ನನಗೆ ಮುಖಕ್ಕಿಂತ ಮೀಸೆ ಭಾರವಾಗಿತ್ತು. ಪ್ರತಿ ವರ್ಷ ಯಾರದಾದರೂ ಮೀಸೆ ಬೆವರಿಗೆ ಕಳಚಿ ಡೋಲಿನ ಮೇಲೆ ಬೀಳುವುದನ್ನು ನಾನು ಹೆಣವಾಗಿ ಬಿದ್ದಲ್ಲಿಂದ ನೋಡಿದ್ದೆ. ನನ್ನದು ಹಾಗಾಗಬಾರದೆಂದು ಅಂಗಡಿಯಿಂದ ಗಾಯದ ಪಟ್ಟಿ ಅಂಟಿಸುವ ಗೋಂದು ತಂದು ಹಚ್ಚಿದೆ. ವಾರಗಟ್ಟಲೆ ಸ್ನಾನ ಮಾಡಿದರೂ ಬಿಡದ ಗೋಂದು ಅದು.

ಕಾಳಗದ ದಿನ ಸುಡುಬಿಸಿಲು. ಹಗ್ಗದ ಆಚೆ ಎರಡನೆಯ ಸಾಲಿನಲ್ಲಿ ನನ್ನ ಹೆಂಡತಿ ಕೂತಿದ್ದಳು, ಪಕ್ಕದಲ್ಲಿ ಕೊಡೆ ಬಿಡಿಸಿಕೊಂಡು ಅತ್ತೆ. ಅವಳನ್ನು ಅಲ್ಲಿ ನೋಡಿ ನನಗೆ ಎದೆ ಉಬ್ಬಿತು.

“ಸಾಲು ರೆಡಿ!” ದಳಪತಿ ಕೂಗಿದ. “ಹಿಂದೆ ನೋಡ್ಕೊಳ್ಳಿ! ನಿಧಾನಕ್ಕೆ ಮುಂದೆ! ಗುದ್ದಬೇಡಿ!”

ನದಿಯಾಚೆಯವರು ಎದುರಿಗೆ ನಿಂತರು. ಅವರ ಸೇನಾಪತಿ ಬಾಡಿಗೆಯ ಬಿಳಿ ಕುದುರೆಯ ಮೇಲೆ. ಆತ ಹಲ್ಲಿನ ಡಾಕ್ಟರು, ಯಾರನ್ನು ನೋಡಿದರೂ ಮೊದಲು ಬಾಯಿ ನೋಡುತ್ತಾನೆ. ಕೋಟೆಗೋಡೆಯ ಹಿಂದೆ ಪಟಾಕಿ ಸಿಡಿಯಿತು. ಸೈಕಲ್ ರಿಪೇರಿಯವನು ಸತ್ತ. ಕೈ ಎರಡೂ ಎದೆಗೇ ಇಟ್ಟುಕೊಂಡ, ಅನುಭವವಿಲ್ಲ.

“ಗುರಿ!”

ನಾವು ಎಂಟೂ ಜನ ಕೋವಿ ಎತ್ತಿ ಕೆನ್ನೆಗೆ ಒತ್ತಿಕೊಂಡೆವು. “ಢಂ!” ಎಂದು ಕೂಗಿದೆವು, ಹಿಂದೆ ಪಟಾಕಿ ಜೊತೆಗೂಡಿತು. ಎರಡನೆಯ ಸಲವೂ ಢಂ. ಬಿಸಿಲಿಗೆ ಬೆವರು ಹರಿದು ಪೌಡರ್ ಕರಗಿ, ಕೆಳಗಿದ್ದ ಇಪ್ಪತ್ತಮೂರು ಡೋಸೂ ಎಚ್ಚರಗೊಂಡದ್ದು ನನಗೆ ಗೊತ್ತಿರಲಿಲ್ಲ.

ಈಗ ನಾವು ಸೋಲುವ ಸಮಯ. ದಳಪತಿ ಟೋಪಿ ತೆಗೆದು, ದುಃಖದ ದನಿಯಲ್ಲಿ, “ಆಯುಧ ಕೆಳಗಿಡಿ” ಎಂದ. ಏಳು ಕೋವಿಗಳು ದಡಬಡ ನೆಲಕ್ಕೆ ಬಿದ್ದವು. ನಾನು ನನ್ನದನ್ನು ಕೆನ್ನೆಯಿಂದ ಎಳೆದೆ. ಕೋವಿಯ ಜೊತೆ ಮೀಸೆ ಬಂತು, ಮೀಸೆಯ ಜೊತೆ ಮೇಲ್ತುಟಿ ಬಂತು, ತುಟಿಯ ಜೊತೆ ನಾನು ಬಂದೆ. ಮೀಸೆಯ ಬಲ ಅರ್ಧ ಮರದೊಳಗೆ ಹೂತುಹೋಗಿತ್ತು. ಕೈ ಬಿಟ್ಟರೆ ಆ ಭಾರವೆಲ್ಲ ತುಟಿಯ ಮೇಲೆ. ಹಾಗಾಗಿ ಬಿಡುವಂತಿಲ್ಲ, ಇಡುವಂತಿಲ್ಲ, ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು. ಎಲ್ಲರೂ ಶರಣಾದ ಬಯಲಲ್ಲಿ ನಾನೊಬ್ಬ ಸೇನಾಪತಿಯ ಹಣೆಗೇ ಗುರಿಯಿಟ್ಟು ನಿಂತಿದ್ದೆ.

ಹಲ್ಲಿನ ಡಾಕ್ಟರು ಕುದುರೆಯ ಮೇಲೆ ಅತ್ತಿತ್ತ ನೋಡಿದ. ನಳಿಕೆ ತನ್ನನ್ನೇ ನೋಡುತ್ತಿರುವುದು ಕಂಡು ಅವನ ಎರಡೂ ಕೈಗಳು ತಾವಾಗಿಯೇ ಮೇಲೆದ್ದವು. ಅದನ್ನು ಕಂಡು ಅವನ ಸೈನಿಕರಲ್ಲಿ ನಾಲ್ಕೈದು ಜನ ತಾವೂ ಕೈ ಎತ್ತಿದರು. ಜನ ಎದ್ದು ನಿಂತು ಸಿಳ್ಳೆ ಹೊಡೆದರು.

“ಏನಯ್ಯಾ ಮಾಡ್ತಿದೀಯ?” ದಳಪತಿ ಹಲ್ಲು ಕಡಿದ. “ಇಳಿಸು!”

“ಬರ್ತಿಲ್ಲ” ಎಂದೆ. ತುಟಿ ಸಿಕ್ಕಿಬಿದ್ದಿದ್ದರಿಂದ ಅದು ಹಸುವಿನ ಕೂಗಿನಂತೆ ಹೊರಟಿತು.

“ಹಾಗಾದ್ರೆ ಬೀಳು! ನಾವು ಗೆದ್ದುಬಿಡ್ತೀವಿ ಕಣೋ, ಮಾನ ಹೋಗುತ್ತೆ! ನಿಂಗೆ ಚೆನ್ನಾಗಿ ಗೊತ್ತಿರೋ ಕೆಲಸ ಅದೊಂದೇ. ಸಾಯಯ್ಯಾ ಹೆಣ!”

ಅವನು ಸನ್ನೆ ಮಾಡಿದ. ಎದುರಿನವರು ಕೈ ಇಳಿಸಿ ನನ್ನೊಬ್ಬನ ಮೇಲೆ ಗುಂಡು ಹಾರಿಸಿದರು. ಢಂ! ಹನ್ನೊಂದು ವರ್ಷದ ಅಭ್ಯಾಸ ನೋಡಿ, ನನ್ನ ಮೊಣಕಾಲು ತಾನಾಗಿಯೇ ಮಡಚಿತು. ಬಿದ್ದುಬಿಟ್ಟರೆ ಎಷ್ಟು ಸುಲಭ! ಮುಖ ನೆಲಕ್ಕೆ ಹಾಕಿ ನಲವತ್ತು ನಿಮಿಷ ಮಲಗಿದರೆ ಸಂಘದ ಮಾನವೂ ಉಳಿಯುತ್ತದೆ, ನನ್ನ ತುಟಿಯೂ ಉಳಿಯುತ್ತದೆ. ಒಂದು ಹೆಜ್ಜೆ ತೂರಾಡಿದೆ.

“ರೀ!”

ಅವಳು ಎದ್ದು ನಿಂತಿದ್ದಳು. ನಾನು ತಿರುಗಿದೆ. ನನ್ನ ಜೊತೆ ಕೋವಿಯೂ ತಿರುಗಿತು, ಆ ಕಡೆಯ ನೂರು ಜನ ತಲೆ ತಗ್ಗಿಸಿ ಕೂತರು. ಕೂರದೆ ಉಳಿದವಳು ಅವಳೊಬ್ಬಳೇ. ಎಲ್ಲರೂ ನಗುತ್ತಿದ್ದರು, ಅವಳು ನಗುತ್ತಿರಲಿಲ್ಲ. ಮುಖ ಬಿಳಿಚಿಕೊಂಡಿತ್ತು.

“ಬೀಳಬೇಡಿ!” ಎಂದು ಕೂಗಿದಳು.

ನಾನು ಕಾಲು ಅಗಲಿಸಿ ನೆಟ್ಟಗೆ ನಿಂತೆ. ಎರಡನೆಯ ಗುಂಡು, ಢಂ. ನಿಂತಿದ್ದೆ. ಮೂರನೆಯದು. ನಿಂತಿದ್ದೆ. ಪಟಾಕಿ ಮುಗಿದುಹೋಗಿ ಎದುರಿನವರು ಬಾಯಲ್ಲೇ ಢಂ ಢಂ ಎನ್ನತೊಡಗಿದರು. ತೋಳು ನಡುಗುತ್ತಿತ್ತು, ಕಣ್ಣಿಗೆ ಬೆವರು, ತುಟಿ ಹರಿದುಹೋಗುವ ಹಾಗೆ ಉರಿ. “ಹೆಣ ಬೀಳ್ಲಿಲ್ಲ! ಹೆಣ ಬೀಳ್ಲಿಲ್ಲ!” ಎಂದು ಜನ ಚಪ್ಪಾಳೆ ತಟ್ಟುತ್ತಿದ್ದರು. ಅಷ್ಟು ಚಪ್ಪಾಳೆ ನಾನು ಸತ್ತಾಗಲೂ ಬಿದ್ದಿರಲಿಲ್ಲ. ದಳಪತಿ ತಲೆಯ ಮೇಲೆ ಕೈಹೊತ್ತು ಕೂತ.

ಆಗ ಅವಳು ಹಗ್ಗ ದಾಟಿದಳು. ಈ ಸಲ ಓಡಲಿಲ್ಲ, ನಡೆದೇ ಬಂದಳು.

“ಅಮ್ಮಾ, ಕಾಳಗ ನಡೀತಿದೆ. ಒಳಗೆ ಬರೋ ಹಾಗಿಲ್ಲ” ಎಂದ ದಳಪತಿ.

“ನಡೀತಿರೋದು ನಂಗೂ ಕಾಣ್ತಿದೆ” ಎಂದು ಬಾವುಟದವನ ಕಾಲ ಬುಡದಲ್ಲಿದ್ದ ಪ್ರಥಮ ಚಿಕಿತ್ಸೆಯ ಡಬ್ಬಿ ತೆರೆದು ಕತ್ತರಿ ತೆಗೆದಳು. ನನ್ನ ಎದುರು ನಿಂತು, ಲ್ಯಾಬಿನಲ್ಲಿ ಹೆದರಿದವರಿಗೆ ಹೇಳುವ ಹಾಗೆ, “ಅಲುಗಾಡಬೇಡಿ, ಒಂದೇ ನಿಮಿಷ” ಎಂದಳು. ಬುಡದಲ್ಲಿ ಹಿಡಿದು ಮೀಸೆ ಕತ್ತರಿಸಿದಳು. ಒಂದೊಂದೇ ಬೆರಳು ಎತ್ತಿ ನನ್ನ ಕೈಗಳನ್ನೂ ಮರದಿಂದ ಬಿಡಿಸಿದಳು. ಕೋವಿ ದಡ್ ಎಂದು ನೆಲಕ್ಕೆ ಬಿತ್ತು, ಮೀಸೆ ಸಮೇತ.

“ಇಳಿಸಿದ!” ಎಂದು ಹಲ್ಲಿನ ಡಾಕ್ಟರು ಜೋರಾಗಿ ಕೂಗಿದ. ನದಿಯಾಚೆಯವರು ಜಯಘೋಷ ಮಾಡಿದರು. ದಳಪತಿ ಧಡಕ್ಕನೆ ಎದ್ದು ಸಂತೋಷದಿಂದ ಸೋತ.

ಅವಳು ಅದಾವುದನ್ನೂ ನೋಡಲಿಲ್ಲ. ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿದಳು. ಕಣ್ಣು ತುಂಬಿತ್ತು. “ಏನೂ ಆಗಿಲ್ಲ ತಾನೇ?”

“ಇಲ್ಲ ಕಣೇ. ನಿಂತಿದೀನಿ.”

“ಗೊತ್ತಾಗ್ತಿದೆ” ಎಂದು ಮೂಗು ಏರಿಸಿಕೊಂಡಳು. ಆಮೇಲೆ ದಳಪತಿಯ ಕಡೆ ತಿರುಗಿ, “ಇನ್ಮೇಲೆ ಇವರು ಸಾಯಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ” ಎಂದಳು.

ದಳಪತಿ ನೆಲದ ಮೇಲಿದ್ದ ಸೈಕಲ್ ರಿಪೇರಿಯವನನ್ನು ನೋಡಿದ. ಆ ಹೆಣ ತಲೆ ಎತ್ತಿ, “ಅಕ್ಕಾ, ಹಾಗೇ ಸ್ವಲ್ಪ ನೀರು ಕೊಟ್ಟು ಹೋಗಿ” ಎಂದಿತು.

ನನ್ನ ಬಲಗೈ ಹಿಡಿದುಕೊಂಡು ಅವಳು ಬಯಲು ದಾಟಿದಳು. ಅತ್ತೆ ಕೊಡೆ ಮಡಚಿ ಹಿಂದೆ ಬಂದರು. ಬೀದಿ ದಾಟುವ ಹೊತ್ತಿಗೆ ಅವಳ ಎಡಗೈ ನನ್ನ ಅಂಗೈಗೆ ಅಂಟಿಕೊಂಡಿರುವುದು ಇಬ್ಬರಿಗೂ ಗೊತ್ತಾಗಿತ್ತು. ಮನೆಯಲ್ಲಿ ಒಂದು ಬಟ್ಟೆಗೆ ಸೀಮೆಎಣ್ಣೆ ಹಾಕಿ ಒರೆಸಿದ್ದರೆ ಬಿಡುತ್ತಿತ್ತು. ಬಾಟಲಿ ಅಲ್ಲೇ ಕಿಟಕಿಯ ಮೇಲಿತ್ತು. “ಆಮೇಲೆ ನೋಡೋಣ, ಮೊದಲು ಊಟ” ಎಂದಳು.

ಅತ್ತೆ ಇಬ್ಬರಿಗೂ ತಟ್ಟೆ ಹಾಕಿದರು, ನಮ್ಮ ಕೈಗಳನ್ನು ನೋಡಿದರು, ಆ ಮನೆಗೆ ಬಂದ ಮೇಲೆ ಮೊದಲ ಸಲ ಏನೂ ಅನ್ನದೆ ಟಿ.ವಿ. ಕಡೆಗೆ ಹೋದರು. ಅವತ್ತು ನಾನು ಎಡಗೈಯಲ್ಲಿ ಊಟ ಮಾಡಿದೆ.